ಒಂದು ಗೋಲಿ ಕಡಿಮೆ

ಮೂಂಟಾದಲ್ಲಿ, ಪ್ಯಾಸ್ಕೋನ ತಗಡಿನ ಶೆಡ್ಡಿನೊಳಗೆ
ಎಪ್ಪತ್ತೊಂದರ ಹೋಲ್ಡನ್ನು ನಾಲ್ಕು ಸ್ಟ್ಯಾಂಡಿನ ಮೇಲೆ
ಲಾಳ ಹೊಡೆಸಿಕೊಳ್ಳಲು ಬಂದ ಎತ್ತಿನಂತೆ
ಸುಮ್ಮನೆ ನಿಂತಿದೆ.
ಹೊಟ್ಟೆಯ ಕೆಳಗೆ ಬಾಣಲೆ. ಬೋಲ್ಟು ಸಡಿಲಿಸಿದ್ದೇ ತಡ
ಸುರಿದ ಎಣ್ಣೆ ಕೆಂಪಿಲ್ಲ, ಕಾಫಿಯ ಡಿಕಾಕ್ಷನ್ನು.
ಮೂಸಿ ನೋಡು, ಅಂದ. ಮೂಸಿದೆ:
ತಳ ಹಿಡಿದ ಹಾಲು.

ಊರಿನವರೆಲ್ಲ ಹೇಳಿ ನೋಡಿದ್ದರು:
ಈ ಆಟೋಮ್ಯಾಟಿಕ್ಕು ಕಿತ್ತೆಸೆ, ಕೈಗೇರು ಹಾಕಿಸು,
ಇಲ್ಲವೇ ಹೊಸದು, ನಾಲ್ಕು ಗೇರಿನದು, ಅಡಿಲೇಡಿನಲ್ಲಿ ಸಿಗುತ್ತದೆ.
ಪ್ಯಾಸ್ಕೋ ಎಡಗಾಲು ತಟ್ಟಿ ತೋರಿಸಿದ;
ಮಂಡಿಯ ಕೆಳಗೆ ಅದು ಟಕ್ ಎಂದಿತು.
ಕ್ಲಚ್ಚು ಒತ್ತಲು ಇದಕ್ಕೆ ಯಾರು ಕಲಿಸುತ್ತೀರಿ?
ಉತ್ತರ ಅವನಿಗೆ ಕೇಳಿಸುತ್ತಿರಲಿಲ್ಲ, ಕಿವಿಯೂ ಅಷ್ಟಕ್ಕಷ್ಟೆ.

ನಾನು ಆಸ್ಪತ್ರೆಯ ರಾತ್ರಿ ಪಾಳಿಯವಳು, ಬೇಲಿಯಾಚೆಯವಳು.
ರಜೆಯ ದಿನ ದೀಪ ಹಿಡಿಯಲು ಬಂದು
ಕೈ ಸಣ್ಣದೆಂದು ಕೆಲಸಕ್ಕೇ ಸಿಕ್ಕಿಬಿದ್ದೆ.
ಕ್ಲಚ್ಚಿನ ಹೊಸ ಬಿಲ್ಲೆಗಳನ್ನು
ರಾತ್ರಿಯಿಡೀ ಎಣ್ಣೆಯಲ್ಲಿ ಬಿಡಬೇಕಂತೆ.
ದೋಸೆಗೆ ಉದ್ದು ನೆನೆಹಾಕುತ್ತೇವಲ್ಲ, ಹಾಗೆ, ಅಂದೆ.
ಬಟಾಣಿಯಾ? ಅಂದ.
ಹೂಂ, ಅಂಥದ್ದೇ.

ಮೂರನೆಯ ರಾತ್ರಿ ವಾಲ್ವ್ ಬಾಡಿ ತೆರೆದ:
ಎರಡಂಗೈ ಅಗಲದ ಊರು,
ಓಣಿ, ತಿರುವು, ಹೊಕ್ಕರೆ ಹೊರಬಾರದ ಸಂದಿ,
ಅಳಗುಳಿಮಣೆಯಂತೆ ಕುಳಿ, ಕುಳಿಗೊಂದು ಉಕ್ಕಿನ ಗೋಲಿ.
ತೊಳೆದೆವು. ಒರೆಸಿದೆವು. ಮತ್ತೆ ಎಣಿಸಿದರೆ
ಒಂದು ಗೋಲಿ ಕಡಿಮೆ.

ಬೆಂಚಿನಡಿ, ಮೊಳೆಯ ಡಬ್ಬಿ, ವ್ಯಾಸಲೀನಿನ ಸೀಸೆ,
ಅವನ ಬೂಟಿನೊಳಗೂ ಹುಡುಕಿದೆವು.
ಮೆಣಸಿನ ಕಾಳಿಗಿಂತ ತುಸು ದೊಡ್ಡದು. ಅದಿಲ್ಲದೆ
ಎರಡನೇ ಗೇರು ಬರುವ ಜಾಗದಲ್ಲಿ ಒದೆ ಬರುತ್ತದಂತೆ.
ನಾಯಿ ನುಂಗಿರಬೇಕು, ಅಂದ.
ನಾಯಿ ಸತ್ತು ಎರಡು ವರ್ಷ.

ಎರಡು ಗಂಟೆಗೆ ಅವನ ಕಿವಿಯ ಯಂತ್ರ
ಪೀ ಎಂದು ಬ್ಯಾಟರಿ ಬೇಡಿತು.
ಅಂಗಿಯ ಜೇಬಿನಿಂದ ತೆಗೆದ, ಬ್ಯಾಟರಿ ಎತ್ತುವ ಬೆರಳುದ್ದದ ಕಡ್ಡಿ,
ತುದಿಯಲ್ಲಿ ಚೂರು ಅಯಸ್ಕಾಂತ.
ಗೋಲಿ ಹೆಕ್ಕಿದ್ದೂ ಅದರಲ್ಲೇ.
ಮೂಗುಬೊಟ್ಟಿನಂತೆ
ಅಂಟಿ ಕೂತಿತ್ತು.
ನಗುವಷ್ಟು ಎಚ್ಚರ ಇಬ್ಬರಿಗೂ ಇರಲಿಲ್ಲ.

ಶನಿವಾರ ಹೊಸ ಎಣ್ಣೆ, ಓಕುಳಿಯ ಕೆಂಪು.
ಜೆಟ್ಟಿಯ ದಾರಿ ಹಿಡಿದೆವು.
ಪ್ಯಾಸ್ಕೋ ಕಿವಿಯ ಯಂತ್ರ ಕಳಚಿ ಬೂದಿತಟ್ಟೆಯಲ್ಲಿಟ್ಟ,
ಎಡಗೈಯನ್ನು ಕಾರಿನ ನೆಲದ ಉಬ್ಬಿಗೆ ಒತ್ತಿ ಹಿಡಿದ,
ಬಸುರಿಯ ಹೊಟ್ಟೆಯ ಮೇಲೆ ನಾನು ಕೈಯಿಡುವ ಹಾಗೆ,
ಅಲ್ಲ, ಅದಕ್ಕಿಂತ ಅಳುಕಿ.
ಒಂದು. ಬೇಲಿಯ ಕಂಬಗಳು ಹತ್ತಿರ ಹತ್ತಿರವಾದವು.
ಎರಡು
ಯಾವಾಗ ಬಂತೆಂದು ನನಗೆ ತಿಳಿಯಲಿಲ್ಲ.
ಬಂತಾ? ಎಂದು ಕೇಳಿದೆ.
ಅವನ ಗಮನವೆಲ್ಲ ಅಂಗೈಯಲ್ಲಿ.

ಹಿಂದಿರುಗುವಾಗ, ಮೂರರಿಂದ ಎರಡಕ್ಕಿಳಿಯುವಲ್ಲಿ, ಚೂರು ಎಡವಿತು.
ಬ್ಯಾಂಡು ಕಾಲು ಸುತ್ತು ಬಿಗಿಯಬೇಕು,
ಕಿವುಡರು ಗೊಣಗುವಂತೆ ಗೊಣಗಿದ, ಬೀದಿಗೇ ಕೇಳುವಷ್ಟು.
ಮಂಗಳವಾರ ನನಗೆ ಬಿಡುವು, ಅಂದೆ.

ಶೆಡ್ಡಿನೆದುರು ನಿಂತ ಮೇಲೆ ಕಾಂಕ್ರೀಟಿಗೆ ಒಂದು ಹನಿ ಬಿತ್ತು.
ಕೆಂಪೇ.
ಅವನು ಒಳಗೆ ಹೋಗಿ, ಚಹಾದ ಬಸಿಯೊಂದನ್ನು ತಂದು,
ಬೆಕ್ಕಿಗೆ ಹಾಲಿಡುವವನಂತೆ ಬಾಗಿ
ಅದರಡಿ ಇಟ್ಟ.