ಮೇಜಿನ ಪಾಠ

ಮಾರ್ಚಿ ತಿಂಗಳು. ಬೈಕಾಲ್ ಇನ್ನೂ ನೆಲವೇ.
ನಾಲ್ಕು ಗೇಣು ಹಿಮಗಲ್ಲಿನ ಮೇಲೆ ನಮ್ಮ ಲಾರಿ, ನಮ್ಮ ಒಲೆ,
ರಾಟೆಯ ಬಾಯಲ್ಲಿ ಉಕ್ಕಿನ ಹಗ್ಗ.
ಕೊರೆದ ಚೌಕದ ಕಪ್ಪು ನೀರಿಗೆ
ಗಾಜಿನ ಗೋಳಗಳನ್ನು ಇಳಿಸುತ್ತಿದ್ದೆವು,
ಕೂಸನ್ನು ಮೊದಲ ಸಲ ಮೀಯಿಸುವವರಂತೆ.

ಆಗ ನೀವು ಬಂದಿರಿ, ಇನ್ನೊಕೆಂಟಿ ಸಾವಿಚ್,
ಎಂಬತ್ತಾರರ ಮುದಿಗಾಲಿಗೆ ಉಣ್ಣೆಬೂಟು,
ಕೈಯಲ್ಲಿ ಅದೇ ಊರುಗೋಲು.

ಇರ್ಕುತ್ಸ್ಕಿನ ಆ ತಣ್ಣನೆ ಕೋಣೆಯಲ್ಲಿ
ನೀವು ಭೌತವಾದ ಕಲಿಸಿದ್ದು ಮುಷ್ಟಿಯಿಂದ.
ಮೇಜು ಗುದ್ದಿ, "ನೋವಾಯಿತು. ಇಗೋ, ವಸ್ತು!
ನೀವು ನಂಬಿ, ಬಿಡಿ,
ಮೇಜು ನಿಮ್ಮ ಅಪ್ಪಣೆ ಕೇಳುವುದಿಲ್ಲ."
ಶಾಯಿಬುಡ್ಡಿ ಹಾರಿ ಬೀಳುತ್ತಿತ್ತು, ವರ್ಷ ವರ್ಷ,
ಅದೇ ಮಾತಿಗೆ.

ಪರೀಕ್ಷೆಯಲ್ಲಿ ನಾನು ಬರೆದೆ:
ಮೇಜು ಬಹುಪಾಲು ಬಯಲು.
ಗುದ್ದು ತಾಗಿದ್ದು ಮರಕ್ಕಲ್ಲ, ಒಂದು ಮುನಿಸಿಗೆ,
ಒಂದನ್ನೊಂದು ಹತ್ತಿರ ಸೇರಿಸದ ಕಣಗಳ ಮುನಿಸಿಗೆ.
ಐದಕ್ಕೆ ಎರಡು ಕೊಟ್ಟಿರಿ.
ಪಕ್ಕದಲ್ಲಿ ಕೆಂಪಕ್ಷರ: "ಕವಿತೆ."

ಈಗ ಡಬ್ಬದ ಮೇಲೆ ಕೂತು ಕೇಳಿದಿರಿ:
ಏನು ಹಿಡಿಯುತ್ತೀರಿ ಇಲ್ಲಿ? ಮೀನಲ್ಲವಷ್ಟೆ?
ನ್ಯೂಟ್ರಿನೊ, ಎಂದೆ.
ಈ ಕ್ಷಣ ನಿಮ್ಮ ಹೆಬ್ಬೆರಳ ಉಗುರು ಹಾದು
ಸಾವಿರಾರು ಕೋಟಿ ಹೋದವು; ಉಗುರಿಗೆ ಸುದ್ದಿಯಿಲ್ಲ.
ಭೂಮಿಯೂ ಅವಕ್ಕೆ ತೆರೆದ ಬಾಗಿಲು.
ಎಲ್ಲೋ ಒಂದು, ಎಂದೋ ಒಮ್ಮೆ, ನೀರನ್ನು ಎಡವುತ್ತದೆ.
ಆಗ ಒಂದೆಳೆ ನೀಲಿ ಬೆಳಕು.
ಅದಕ್ಕೆ ಈ ಗಾಜುಗಣ್ಣು.

ಕೈಗವಸು ಕಳಚಿ ಉಗುರು ನೋಡಿಕೊಂಡಿರಿ.
ಬಹಳ ಹೊತ್ತು. ಗಾಳಿ ಸೂಜಿಯಾಗಿತ್ತು.
"ತೂಕವಿದೆಯೇ ಅದಕ್ಕೆ?"
ಇದೆ. ಎಷ್ಟೆಂದು ಯಾರಿಗೂ ಗೊತ್ತಿಲ್ಲ.
"ಇದೆ ತಾನೆ? ಹಾಗಾದರೆ ನಮ್ಮವನೇ!"
ನಕ್ಕ ರಭಸಕ್ಕೆ ಮೀಸೆಯ ಮಂಜು ಉದುರಿತು.

ಸುಮ್ಮನಿರಬೇಕಿತ್ತು ನಾನು. ಕೇಳಿಬಿಟ್ಟೆ:
ಬೆಳಕಿಗೆ ತೂಕವಿಲ್ಲವಲ್ಲ, ಅದು ಯಾರ ಕಡೆ?

ನೀವು ರಾಟೆಯತ್ತ ನೋಡಿದಿರಿ.
ಅಲ್ಲಿ ಬುರ್ಯಾತರ ದುಗಾರ್ ಲೋಟದ ಹಾಲಿಗೆ ಬೆರಳದ್ದಿ
ನಾಲ್ಕು ದಿಕ್ಕಿಗೂ ಚಿಮುಕಿಸುತ್ತಿದ್ದ,
ಸರೋವರದ ಒಡೆಯನಿಗೆ, ಗೋಳಕ್ಕೊಮ್ಮೆ.
ಮೊದಲಾಗಿದ್ದರೆ ಅವನಿಗೆ ಒಂದು ಗಂಟೆ ಉಪನ್ಯಾಸ.
ಇಂದು ಬಗ್ಗಿ,
ಹನಿ ಬಿದ್ದಲ್ಲೇ ಬಿಳಿಹರಳಾದುದನ್ನು
ಕೋಲಿನ ತುದಿಯಿಂದ ಮುಟ್ಟಿದಿರಿ.
"ಇದಂತೂ ವಸ್ತು," ಎಂದಿರಿ, ನಿಮ್ಮಷ್ಟಕ್ಕೆ.

ಹೊರಡುವಾಗ ಕೇಳಿದೆ: ಆ ಎರಡು ಅಂಕ?
"ಇರಲಿ ಬಿಡು. ಆಗ ನಿನ್ನ ಬಳಿ ಪುರಾವೆ ಇರಲಿಲ್ಲ."

ಹಳೆಯ ಗತ್ತಿನಲ್ಲೇ ಕೋಲೆತ್ತಿ ಹಿಮಗಲ್ಲು ಗುದ್ದಿದಿರಿ.
ಅಡಿಯಲ್ಲೆಲ್ಲೋ ಬಿರುಕೊಂದು ಗುಡುಗುತ್ತ
ಆಚೆ ದಡದವರೆಗೆ ಓಡಿತು.
ನೀವು ಒಂದು ಹೆಜ್ಜೆ ಹಿಂದೆ ಸರಿದು
ಕಿವಿಗೊಟ್ಟು ನಿಂತಿರಿ.