ಮುರಿದ ಸೂಜಿಯ ಪುಸ್ತಕ

ಇಂದೋರಿನಿಂದ ಬೇಲು ವಾಪಸ್ಸು ಬಂತು.
ಇನ್ನೂರ ನಲವತ್ತು ಜೀನ್ಸ್ ಚಡ್ಡಿ, ನಾಲ್ಕೈದು ವರ್ಷದ ಮಕ್ಕಳವು.
ಒಂದರ ಸೊಂಟಪಟ್ಟಿಯೊಳಗೆ ಸೂಜಿಯ ಮೊನೆ,
ನುಚ್ಚಕ್ಕಿಗಿಂತ ಸಣ್ಣದು.
ವ್ಯಾಪಾರಿ ಅದನ್ನು ಬಿಳಿ ಹಾಳೆಗೆ ಅಂಟಿಸಿ
ಸುತ್ತ ಕೆಂಪು ಪೆನ್ನಿನಲ್ಲಿ ಸೊನ್ನೆ ಎಳೆದಿದ್ದ.

ಮಾಲೀಕ ಓಬಳೇಶಪ್ಪ ಆ ಸೊನ್ನೆಯನ್ನು ನನ್ನ ಮುಂದಿಟ್ಟು
"ಯಾರು?" ಅಂದ.
ಸಂಜೆಯೊಳಗೆ ಅದರೊಳಗೆ ತುಂಬಲು
ಅವನಿಗೊಂದು ಹೆಸರು ಬೇಕಿತ್ತು.

ಸೊಂಟಪಟ್ಟಿ ಹೊಲಿಯುವವರು ಮೂರೇ ಜನ.
ಮಾಬುನ್ನಿಗೆ ಕಣ್ಣು ಮಂಜು.
ತಿಪ್ಪಕ್ಕನಿಗೆ ಸದಾ ಅವಸರ.
ಹೊಸ ಹುಡುಗ ಎರ್ರಿಸ್ವಾಮಿಗೆ ಇನ್ನೂ ಕೈ ಕೂತಿಲ್ಲ.
ಯಾರ ಹೆಸರು ಹೇಳಿದರೂ ಊರು ಒಪ್ಪುತ್ತಿತ್ತು.
ನನಗೆ ಹೆದರಿಕೆಯಾದದ್ದು ಅದಕ್ಕೇ.

ನಮ್ಮ ರಾಯದುರ್ಗದಲ್ಲಿ
ಬೋರ್ಡು ತೆಲುಗು, ಬೈಗುಳ ಕನ್ನಡ.
ಗೋಡೆ ಮೇಲೆ ಮಾತ್ರ ಎರಡರಲ್ಲೂ ಬರೆಸಿದ್ದೆ, ನಾನೇ:
ಸೂಜಿ ಮುರಿದರೆ ಐವತ್ತು ರೂಪಾಯಿ ದಂಡ.

ದಂಡದ ಪುಸ್ತಕ ತೆಗೆದೆ.
ಹದಿನಾಲ್ಕು ತಿಂಗಳು, ಮೂವತ್ತೆರಡು ಮಿಷನ್ನು,
ಕಲ್ಲಿನಂಥ ಬಟ್ಟೆಯ ಎಂಟು ಪದರ.
ಮುರಿದ ಸೂಜಿ: ಮೂರು.
ಇಷ್ಟು ಪುಣ್ಯವಂತ ಕಾರ್ಖಾನೆ
ಭೂಮಿ ಮೇಲೆ ಇದ್ದೀತೆ?

ಬಸ್ ಸ್ಟ್ಯಾಂಡಿನ ಎದುರು ರಾಜಾವಲಿಯ ಅಂಗಡಿ.
ಕೇಳಿದೆ. ನಕ್ಕ.
"ನಿಮ್ಮವರೇ ಅಕ್ಕಾ, ವಾರಕ್ಕೆ ನಲವತ್ತು ಒಯ್ತಾರೆ, ಬಿಡಿಬಿಡಿ.
ಒಬ್ಬರು ಬಂದಾಗ ಇನ್ನೊಬ್ಬರು ದೂರ ನಿಂತಿರ್ತಾರೆ."

ಐವತ್ತು ಉಳಿಸಲು ಎಂಟು ರೂಪಾಯಿಯ ಸೂಜಿ.
ಮೊನೆ ಹುಡುಕಲು ಬಗ್ಗಿದವರು ಸಿಕ್ಕಿಬೀಳುತ್ತಾರೆ,
ಆದ್ದರಿಂದ ಯಾರೂ ಬಗ್ಗುವುದಿಲ್ಲ.
ಆ ಮಗುವಿನ ಚಡ್ಡಿಗೆ ಮೊನೆಯನ್ನು ಹೊಲಿದದ್ದು
ನನ್ನ ಗೋಡೆ.

ಮೂರೂವರೆಗೆ ಕರೆಂಟು ಹೋಯಿತು.
ಗದ್ದಲ ಒಮ್ಮೆಲೇ ನಿಂತು
ಬೆಟ್ಟದ ಬಂಡೆ ಕಾಯುವ ಸದ್ದೂ ಕೇಳುವಂತಾಯಿತು.
"ಕೂತ್ಕೊಳ್ಳಿ, ಬೈಯಲ್ಲ" ಅಂದೆ.
ನಂಬಲಿಲ್ಲ. ಹಾಗೆ ಹೇಳಿಯೇ ಎಷ್ಟೋ ಸಲ ಬೈದಿದ್ದೇನೆ.

"ಆ ಕಿಟಕಿ ಪಕ್ಕದ ಏಳನೇ ಮಿಷನ್ನು ನನ್ನದಿತ್ತು.
ಜೇಬು ಕೂರಿಸುವಾಗ ಸೂಜಿ ಮುರೀತು.
ಮೊನೆ ಸಿಗಲಿಲ್ಲ. ಸಿಗಲಿಲ್ಲ ಅಂದ್ರೆ, ನಾನು ಹುಡುಕಲಿಲ್ಲ.
ಎಂಟು ಡಜನ್ ಪ್ಯಾಂಟು ಲಾರಿ ಹತ್ತಿ ಹೋದವು.
ಯಾರ ತೊಡೆಗೆ ಚುಚ್ಚಿತೋ."

ಬೆವರು ಒರೆಸಿಕೊಂಡರು. ಉಗುರಿನ ನೀಲಿ ಕೆರೆದುಕೊಂಡರು.
ಯಾರೋ ಕೆಮ್ಮಿದರು.
ಕರೆಂಟು ಬಂತು.

ಮರುದಿನ ನನ್ನ ಮೇಜಿನ ಮೇಲೆ
ಅಡಿಕೆಪುಡಿಯ ಖಾಲಿ ಚೀಟಿ, ನಾಲ್ಕು ಮಡಿಕೆ,
ಒಳಗೆ ಮೂರು ಮೊನೆ.
ಹೆಸರಿರಲಿಲ್ಲ.

ಓಬಳೇಶಪ್ಪನಿಗೆ ನಾನು ಹೆಸರು ಕೊಡಲಿಲ್ಲ,
ಹೊಸ ಪುಸ್ತಕ ತೋರಿಸಿದೆ:
ಮಿಷನ್ನಿನ ನಂಬರು, ಹೊತ್ತು, ಬಟ್ಟೆ,
ಪಕ್ಕದಲ್ಲಿ ಟೇಪಿನಡಿ ಮುರಿದ ಸೂಜಿ, ಮೊನೆ ಸಮೇತ.
"ದಂಡ ಇಲ್ಲದಿದ್ರೆ ಹೆದರ್ತಾರಾ?"
"ಹೆದರಿದ್ದಕ್ಕೇ ಇಂದೋರಿಂದ ಸೊನ್ನೆ ಬಂದದ್ದು."
ಒಂದು ತಿಂಗಳು ಅಂದ. ಬಾಗಿಲು ಜೋರಾಗಿ ಹಾಕಿಕೊಂಡ.

ಮೊದಲ ವಾರ ಇಪ್ಪತ್ತೇಳು.
ಅವನು ತಲೆ ಮೇಲೆ ಕೈ ಇಟ್ಟ.
ನಾನು ಪುಟ ತಿರುವಿದೆ:
ಹನ್ನೊಂದು ಒಂದೇ ಮಿಷನ್ನಿನವು, ಹತ್ತೊಂಬತ್ತನೆಯದು,
ಎರ್ರಿಸ್ವಾಮಿ ಕೂರುವುದು.
ಮೆಕ್ಯಾನಿಕ್ಕು ಬಂದು ಪ್ಲೇಟು ಬಿಚ್ಚಿ ಬೆಳಕಿಗೆ ಹಿಡಿದ.
ಸವೆದು ಅಂಚು ಬ್ಲೇಡಿನಂತಾಗಿತ್ತು.
ಹುಡುಗ ಅದನ್ನು ಕೈಗೆ ತಗೊಂಡು
ತಿರುಗಿಸಿ ತಿರುಗಿಸಿ ನೋಡಿದ.
ತನ್ನ ಕೈಯನ್ನೂ ನೋಡಿಕೊಂಡ.

ಗೋಡೆಗೆ ಸುಣ್ಣ ಹೊಡೆಸಿದ್ದೇನೆ.
ಐವತ್ತು ಅನ್ನುವುದು ಇನ್ನೂ ಮಸುಕಾಗಿ ಕಾಣುತ್ತದೆ,
ಬಿಸಿಲು ಬಿದ್ದಾಗ ಸ್ವಲ್ಪ ಹೆಚ್ಚೇ.
ತಿಪ್ಪಕ್ಕ ಈಗಲೂ ರಾಜಾವಲಿಯ ಅಂಗಡಿಗೆ ಹೋಗುತ್ತಾಳಂತೆ,
ನನ್ನ ಕಂಡರೆ ಸೆರಗು ಬಿಗಿ ಮಾಡಿಕೊಳ್ಳುತ್ತಾಳೆ.
ಕೇಳುವುದಿಲ್ಲ ನಾನು.
ಇನ್ನೊಂದು ಕೋಟು ಸುಣ್ಣ ತರಿಸಬೇಕು.