ಎಂಟು ನಂಬರಿನವ

ಪೇಪರಿನಲ್ಲಿ ಬಂದದ್ದು ನನ್ನ ಹೆಸರು.
ಆ ಚೆಂಡು ನನ್ನ ಕಾಲಿಗೆ ಹೇಗೆ ಬಂತೆಂದು
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಮಯ್ಯದ್ದಿ.

ಹದಿನೇಳು ವರ್ಷ ನೀನು ಆಡಿದ್ದು ನಡುವಿನಲ್ಲೇ:
ಬೆಂಗ್ರೆಯ ಹೊಯಿಗೆಯಲ್ಲಿ, ನೆಹರೂ ಮೈದಾನದ ಧೂಳಿನಲ್ಲಿ,
ಒಮ್ಮೆ ಕಣ್ಣೂರಿನಲ್ಲಿ, ಯಾರದೋ ಬೂಟಿನಲ್ಲಿ.
ಎಡಗಾಲಿನದು ಒಂದು ಸೈಜು ದೊಡ್ಡದು,
ತುದಿಗೆ ಪೇಪರ್ ತುರುಕಿದ್ದೆ.
ಗೋಲು ಎಷ್ಟು? ಮೂರು.
ಅದರಲ್ಲೊಂದು ನಮ್ಮದೇ ಬಲೆಗೆ.

ಆದರೂ ಎದುರು ಟೀಮಿನ ಕೋಚು
ಬಂದರಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಅಂದಿದ್ದ:
"ಆ ಎಂಟು ನಂಬರಿನವ
ತಿರುಗಿ ನೋಡುವ ಮೊದಲೇ ನೋಡಿ ಮುಗಿಸಿರುತ್ತಾನೆ."

ಒಂದು ಸೆಮಿಫೈನಲಿನಲ್ಲಿ ಮೊಣಕಾಲು ಹೋಯಿತು.
ಜರ್ಸಿ ಇನ್ನೊಬ್ಬನಿಗೆ ಹೋಯಿತು.
ಒಗೆದು, ಮಡಚಿ ಕೊಟ್ಟಿದ್ದೆಯಂತೆ.

ಈಗ ದಕ್ಕೆಯ ಐಸ್ ಪ್ಲಾಂಟು.
ಮುಂಜಾನೆ ನಾಲ್ಕಕ್ಕೆ, ಜಾರುವ ನೆಲದಲ್ಲಿ,
ಐಸಿನ ಗಡ್ಡೆಯನ್ನು ಅಂಗಾಲಿನಿಂದ ತಳ್ಳುತ್ತೀ,
ತಲೆ ಎತ್ತದೆ.
ಅದು ಹೋಗಿ ನಿಲ್ಲುವುದು
ಲಾರಿಯವನ ಕೊಕ್ಕೆಯ ಬುಡದಲ್ಲೇ.

ಮೊನ್ನೆ ನೀನು ಫೋನು ಚಾಚಿದೆ:
ಎಸ್ಟೋನಿಯಾ ಅಂತೆ, ಕಡಲೂ ಐಸಾಗುವ ದೇಶ.
ಅಲ್ಲಿನ ಯಾವುದೋ ಟೀಮು, ಆಗಲೇ ನಾಲ್ಕು ಗೋಲು ತಿಂದಿತ್ತು.
ನಾನು ಚೆಂಡನ್ನು ನೋಡುತ್ತಿದ್ದೆ.
ನಿನ್ನ ಬೆರಳು ಇದ್ದದ್ದು
ಚೆಂಡಿಲ್ಲದ ಒಬ್ಬನ ಮೇಲೆ.
ಖಾಲಿ ಜಾಗಕ್ಕೆ ಓಡಿದ, ಕೈ ಎತ್ತಿದ.
ಯಾರೂ ಕೊಡಲಿಲ್ಲ.
ಹಿಂದೆ ಬಂದ. ಮತ್ತೆ ಓಡಿದ.

"ಇವನನ್ನು ನೋಡು ಮಾರಾಯ," ಅಂದೆ ನೀನು,
"ಇವನನ್ನೇ ನೋಡು."
ಅಷ್ಟರಲ್ಲಿ ಲಾರಿ ಹಾರನ್ ಹೊಡೆಯಿತು.
ಫೋನು ನನ್ನ ಕೈಯಲ್ಲೇ ಉಳಿಯಿತು,
ಒದ್ದೆಯಾಗಿ, ತಣ್ಣಗೆ.